ಮಿಲ್ಲಿಂಗ್ ಮಷಿನ್ ಸ್ಟಾರ್ಟರ್ ಸಮೇತ ಮಾರಲಿ

ಮಾನ್ಯರೇ,

ಬೆಳಗಾವಿಯ ಕೈಗಾರಿಕಾ ಪ್ರದೇಶ ಉದ್ಯಮಬಾಗದಲ್ಲಿ ಮಿಲ್ಲರ್ (ಮಿಲ್ಲಿಂಗ್ ಮಷಿನ್ ನಡೆಸುವವ) ಆಗಿದ್ದು ನಿವೃತ್ತನಾದ ನಾನು ಈಗ ಮನೆ ಹಿಂದಿನ ಪತ್ರಾಸ್ ಶೆಡ್ಡಿನಲ್ಲಿ 230 ವೋಲ್ಟಿನ ಸಣ್ಣ ಮಿಲ್ಲಿಂಗ್ ಮಷಿನ್ (ತಿರುಗುವ ಕಟರ್‌ನಿಂದ ಲೋಹ ಕತ್ತರಿಸುವ ಯಂತ್ರ) ಇಟ್ಟುಕೊಂಡು ಪಂಪ್ ಶಾಫ್ಟ್‌ಗಳಿಗೆ ಕೀವೇ, ಅಂದರೆ ಕೀಲಿ ಕೂರುವ ಗಾಡಿ, ಹೊಡೆದುಕೊಡುತ್ತೇನೆ. ನನ್ನದು ಬಂದದ್ದು ಬರೀ ಆನ್-ಆಫ್ ಸ್ವಿಚ್ಚಿನೊಂದಿಗೆ. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟಿನ ಕಣ್ಣಾಮುಚ್ಚಾಲೆ ಗೊತ್ತೇ ಇದೆ. ಹೋಯಿತೆಂದು ಕಟರ್ ಬುಡದ ಚೂರು ಒರೆಸಲು ಕೈ ಹಾಕಿದಾಗಲೇ ಅದು ಮರಳಿದರೆ, ಆನ್‌ನಲ್ಲೇ ಉಳಿದ ಸ್ವಿಚ್ಚಿನಿಂದ ಕಟರ್ ತಾನಾಗಿ ತಿರುಗಿ ಬೆರಳಿನ ಕತೆ ಮುಗಿಯಿತು. ಡಿಒಎಲ್ ಸ್ಟಾರ್ಟರ್ (ಬಟನ್ ಒತ್ತಿ ಮೋಟಾರನ್ನು ನೇರ ಲೈನಿಗೆ ಜೋಡಿಸುವ ಪೆಟ್ಟಿಗೆ) ಇದ್ದರೆ ಕರೆಂಟ್ ಹೋದೊಡನೆ ಅದರೊಳಗಿನ ನೋ-ವೋಲ್ಟ್ ಕಾಯಿಲ್ ಬಿಟ್ಟುಕೊಂಡು ಸಂಪರ್ಕ ಕಡಿಯುತ್ತದೆ. ಮತ್ತೆ ಹಸಿರು ಬಟನ್ ಒತ್ತುವವರೆಗೆ ಮೋಟಾರ್ ತಿರುಗದು. ನಾನು ಹಾಕಿಸಿಕೊಂಡೆ. ಹೊಲದ ಪಂಪಿಗೇ ಇರುವ ಸ್ಟಾರ್ಟರ್, ಕೈಯಳತೆಯಲ್ಲಿ ತಿರುಗುವ ಕಟರ್‌ಗೆ ಬೇಡವೇ? ಮಾರುವವರು ಅದನ್ನು ಕೂಡಿಸಿಯೇ ಕೊಡಲಿ.

– ಒಬ್ಬ ನಿವೃತ್ತ ಮಿಲ್ಲರ್, ಅನಗೋಳ, ಬೆಳಗಾವಿ