ಪೆನ್‌ಡ್ರೈವ್ ತುಂಬಿಕೊಟ್ಟವರಿಗೆ

ಕಳೆದ ವಾರ ಝೆರಾಕ್ಸ್ ಅಂಗಡಿಯಲ್ಲಿ ನನ್ನ ಹಿಂದೆ ನಿಂತಿದ್ದವರೇ, ನಿಮ್ಮ ಹೆಸರು ಕೇಳೋದೇ ಮರೆತುಬಿಟ್ಟೆ. ವಿದ್ಯುತ್ ಪಾಠಕ್ಕೆ ಚಿತ್ರಗಳ ಪ್ರಿಂಟ್ ತೆಗೆಸುತ್ತಿದ್ದೆ. ‘ಮೇಡಂ, ಇದನ್ನ ಮಕ್ಕಳ ಕೈಯಲ್ಲೇ ಮಾಡಿಸಬಹುದಲ್ವಾ’ ಅಂತ ಲ್ಯಾಪ್‌ಟಾಪ್ ತೆರೆದಿರಿ. ಫೆಟ್ (PhET) ಸಿಮ್ಯುಲೇಷನ್ ಅಂತೆ, ಪ್ರಯೋಗಗಳನ್ನ ಕಂಪ್ಯೂಟರ್ ಪರದೆ ಮೇಲೇ ಮಾಡಿ ನೋಡೋದು. ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ 2002ರಲ್ಲಿ ಶುರುವಾದದ್ದು. ಪೂರ್ತಿ ಉಚಿತ, ಕನ್ನಡದಲ್ಲೂ ಇದೆ.

ನಮ್ಮ ಶಾಲೆಯಲ್ಲಿ ನೆಟ್ ಸಿಗೋದೇ ಅಪರೂಪ ಅಂದೆ. ‘ಒಂದ್ಸಲ ಇಳಿಸಿಕೊಂಡರೆ ಆಯ್ತು, ಆಮೇಲೆ ನೆಟ್ ಬೇಡ’ ಅಂತ ಒಂದೊಂದಾಗಿ ನನ್ನ ಪೆನ್‌ಡ್ರೈವ್‌ಗೆ ಹಾಕಿಕೊಟ್ಟಿರಿ. ಅಷ್ಟು ಹೊತ್ತು ನಿಮ್ಮ ಪ್ರಿಂಟ್ ಹಾಗೇ ಬಾಕಿ ಇತ್ತು.

ಸೋಮವಾರ ತರಗತಿಯಲ್ಲಿ ತೋರಿಸಿದೆ. ಎಂದೂ ಬಾಯಿ ಬಿಡದ ಹುಡುಗಿಯೊಬ್ಬಳು ಎದ್ದು ಬಂದು ಬ್ಯಾಟರಿಯ ಎರಡೂ ತುದಿಗೆ ಬರೀ ವೈರ್ ಸೇರಿಸಿದಳು. ಪರದೆ ಮೇಲೆ ಬ್ಯಾಟರಿಗೆ ಬೆಂಕಿ! ‘ಶಾರ್ಟ್ ಸರ್ಕ್ಯೂಟ್ ಅಂದ್ರೆ ಇದೇನಾ ಮಿಸ್?’ 12 ವರ್ಷದಿಂದ ಬೋರ್ಡ್ ಮೇಲೆ ಇದೇ ಪಾಠ ಮಾಡುತ್ತಿದ್ದೇನೆ, ಯಾರೂ ಹೀಗೆ ಕೇಳಿರಲಿಲ್ಲ. (ಮರುದಿನ ನಿಜವಾದ ಸೆಲ್ಲು, ಬಲ್ಬನ್ನೂ ತಂದೆ. ಅದನ್ನು ಬಿಡೋಕಾಗುತ್ತಾ?)

ತುಂಬಾ ಥ್ಯಾಂಕ್ಸ್. ಪೆನ್‌ಡ್ರೈವ್ ಈಗ ಗಣಿತದ ಮೇಷ್ಟ್ರ ಹತ್ತಿರ ಇದೆ, ವಾಪಸ್ ಬರೋ ಲಕ್ಷಣ ಕಾಣುತ್ತಿಲ್ಲ.