ನಿನ್ನ ಗೆಜ್ಜೆ ಮತ್ತೆ ಕಪ್ಪಾಗಿದೆ

ಪುಟ್ಟಿ,

ಭಾನುವಾರ ನೀನು ಸಿಟ್ಟು ಮಾಡಿಕೊಂಡು ಫೋನ್ ಇಟ್ಟುಬಿಟ್ಟೆ. ನಿಮ್ಮಪ್ಪ ರಾತ್ರಿ ಸರಿಯಾಗಿ ಊಟ ಮಾಡಲಿಲ್ಲ. ಫೋನಿನಲ್ಲಿ ಹೇಳೋಕೆ ನನಗೂ ಬರಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

"ಆ ಕೊಳಕು ನೀರನ್ನ ಹೊಲಕ್ಕೆ ಯಾಕಮ್ಮ ಬಿಡ್ತೀರಾ" ಅಂದೆ. ಮೆಟ್ರೋದಲ್ಲಿ ಕೆಂಗೇರಿ ಕಡೆ ಬರುವಾಗ ಪಕ್ಕದಲ್ಲೇ ಕಪ್ಪಗೆ ಕಾಣುತ್ತಲ್ಲ, ಅದೇ ವೃಷಭಾವತಿ ನದಿ. ಬಸವನಗುಡಿಯಲ್ಲಿ ಬಸವಣ್ಣನ ಪಾದದ ಬುಡದಲ್ಲಿ ಹುಟ್ಟಿದವಳು ಅಂತಾರೆ. ಬೆಂಗಳೂರಿನ ಬಚ್ಚಲ ನೀರು, ಪೀಣ್ಯ ಕಡೆಯ ಕಾರ್ಖಾನೆಗಳ ನೀರು ಎಲ್ಲಾ ಹೊತ್ತುಕೊಂಡು ನಮ್ಮ ಬೈರಮಂಗಲ ಕೆರೆಗೆ ಬರುತ್ತಾಳೆ. ಇಲ್ಲಿಂದ ಅರ್ಕಾವತಿ, ಆಮೇಲೆ ಸಂಗಮದಲ್ಲಿ ಕಾವೇರಿ. ನೀನು ಬೆಳಿಗ್ಗೆ ಮುಖ ತೊಳೆದ ನೀರೂ ಅದರಲ್ಲಿ ಇರಬಹುದು. ಹಂಗಿಸೋಕೆ ಹೇಳ್ತಿಲ್ಲ ಮಗಳೇ.

ನಿಮ್ಮಜ್ಜಿ ಇದೇ ಕೆರೆ ನೀರು ಕುಡಿದವರು. ನಾವು ಕ್ಯಾನ್ ಹಿಡಿದುಕೊಂಡು ಶುದ್ಧ ನೀರಿನ ಘಟಕದ ಮುಂದೆ ನಿಲ್ಲುತ್ತೇವೆ. ಮಳೆ ಜೋರಾದ ದಿನ ಕೋಡಿ ಹತ್ತಿರ ನೊರೆ ಎದ್ದು ರಸ್ತೆಗೆ ಹಾರುತ್ತೆ. ಚಿಕ್ಕವಳಿದ್ದಾಗ ಹತ್ತಿ ಅಂದುಕೊಂಡು ಹಿಡಿಯೋಕೆ ಓಡಿದ್ದೆ, ನೆನಪಿದೆಯಾ? ಕೈಯೆಲ್ಲಾ ಕೆರೆದುಕೊಂಡು ಎರಡು ದಿನ ಅತ್ತೆ. ನಿಮ್ಮಪ್ಪ ಈಗಲೂ ಕಾಲಿಗೆ ಕೊಬ್ಬರಿ ಎಣ್ಣೆ ಸವರಿಕೊಂಡೇ ನೀರು ಕಟ್ಟೋಕೆ ಹೋಗೋದು. ಆದರೂ ಬೆರಳ ಸಂದಿ ಹುಣ್ಣು ಮಾಯಲ್ಲ.

ಆದರೆ ಇನ್ನೊಂದು ಮಾತೂ ಇದೆ. ಮಳೆ ನಂಬಿಕೊಂಡು ವರ್ಷಕ್ಕೊಂದು ರಾಗಿ ಬೆಳೆಯುತ್ತಿದ್ದ ಹೊಲ ಇದು. ಈಗ ಬೇಸಿಗೆಯಲ್ಲೂ ನೀರು ಬತ್ತಲ್ಲ. ಸೀಮೆಹುಲ್ಲು, ಹಿಪ್ಪುನೇರಳೆ, ಬೇಬಿ ಕಾರ್ನ್ ಒಂದಾದ ಮೇಲೊಂದು ಬರುತ್ತೆ. ಹುಲ್ಲು ಹಸುವಿಗೆ, ಹಾಲು ಡೇರಿಗೆ. ನಿನ್ನ ಕಾಲೇಜು ಫೀಸು, ಹಾಸ್ಟೆಲ್ಲು, ಆ ಲ್ಯಾಪ್‌ಟಾಪು ಎಲ್ಲಾ ಈ ನೀರಿನದ್ದೇ. ಬಿಡಿ ಅಂದರೆ ನಿಮ್ಮಪ್ಪ ಯಾವ ನೀರು ಕಟ್ಟಬೇಕು, ಹೇಳು.

ನಿನಗೆ ಹೇಳದ ಒಂದು ವಿಷಯ ಇದೆ. ಹೊಲದಲ್ಲಿ ಬೆಳೆದದ್ದನ್ನು ನಾವು ಮನೆಯಲ್ಲಿ ತಿನ್ನಲ್ಲ. ನಮಗೆ ಅಂತ ಹಿತ್ತಲಲ್ಲಿ ನಾಲ್ಕು ಮಡಿ ಸೊಪ್ಪು ಹಾಕಿ, ನಲ್ಲಿ ನೀರು ಹೊಯ್ಯುತ್ತೇನೆ. ಹೊಲದ್ದೆಲ್ಲಾ ಬೆಳಗಿನ ಜಾವದ ಟೆಂಪೋ ಹತ್ತಿ ಬೆಂಗಳೂರಿಗೆ. ಹಾಸ್ಟೆಲ್ ಹತ್ತಿರ ಬೇಬಿ ಕಾರ್ನ್ ಮಂಚೂರಿ ತುಂಬಾ ಚೆನ್ನಾಗಿರುತ್ತೆ ಅಂತ ನೀನು ಹೇಳಿದ ದಿನ ನನಗೆ ಮಾತೇ ಹೊರಡಲಿಲ್ಲ. ನಿಮ್ಮಪ್ಪನಿಗೂ ಅದನ್ನ ಹೇಳಿಲ್ಲ.

ಬೀರುವಿನಲ್ಲಿದ್ದ ನಿನ್ನ ಬೆಳ್ಳಿ ಗೆಜ್ಜೆ ಮತ್ತೆ ಕಪ್ಪಾಗಿದೆ. ಈ ಗಾಳಿಗೇ ಹಾಗಾಗುತ್ತೆ. ವಿಭೂತಿ ಹಾಕಿ ತಿಕ್ಕಿಟ್ಟಿದ್ದೇನೆ, ಈ ಸಲ ಬಂದಾಗ ತಗೊಂಡು ಹೋಗಿ ಅಲ್ಲೇ ಇಟ್ಟುಕೋ. ಬರುವಾಗ ಅಪ್ಪನ ಕಾಲಿಗೆ ಹೋದ ಸಲ ತಂದಿದ್ದೆಯಲ್ಲ, ಆ ಮುಲಾಮು ಎರಡು ಟ್ಯೂಬ್ ತಾ. ಮುಗಿದು ವಾರವಾಯ್ತು.

ನಿನ್ನ
ಅಮ್ಮ