ಆ ಒಂದು ಕಾಲಂ ತೆಗೆದುಹಾಕಿ: ಸಂಶೋಧನಾ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಸಚಿವರೇ,

ನಿಮ್ಮ ಇಲಾಖೆಯ ಅನುದಾನದ ಅರ್ಜಿಯಲ್ಲಿ ಒಂದು ಕಾಲಂ ಇದೆ: ಪ್ರಬಂಧ ಪ್ರಕಟವಾದ ಪತ್ರಿಕೆಯ ಇಂಪ್ಯಾಕ್ಟ್ ಫ್ಯಾಕ್ಟರ್ ಎಷ್ಟು? ಅಂದರೆ, ಆ ಪತ್ರಿಕೆಯ ಪ್ರಬಂಧಗಳನ್ನು ಇತರ ಸಂಶೋಧಕರು ಸರಾಸರಿ ಎಷ್ಟು ಬಾರಿ ಉಲ್ಲೇಖಿಸಿದ್ದಾರೆ ಎಂಬ ಅಂಕಿ. ಆ ಕಾಲಂ ಕೈಬಿಡಬೇಕೆಂದು ಕೇಳುತ್ತಿದ್ದೇನೆ. ಅಲ್‌ಝೈಮರ್, ಪಾರ್ಕಿನ್ಸನ್‌ನಂಥ ನರಕ್ಷಯ ರೋಗಗಳ ಪತ್ರಿಕೆಯೊಂದರ ಸಂಪಾದಕ ಮಂಡಳಿಯಲ್ಲಿದ್ದೇನೆ. ನಮ್ಮ ಪತ್ರಿಕೆಯ ಅಂಕಿ ಚೆನ್ನಾಗಿಯೇ ಇದೆ. ಹಾಗಾಗಿ ದ್ರಾಕ್ಷಿ ಹುಳಿ ಎಂದುಕೊಳ್ಳಬೇಡಿ.

ಆ ಅಂಕಿ ಹುಟ್ಟುವ ಬಗೆ ನೋಡಿ. ಹಿಂದಿನ ಎರಡು ವರ್ಷಗಳಲ್ಲಿ ಪತ್ರಿಕೆಯೊಂದು 200 ಪ್ರಬಂಧ ಪ್ರಕಟಿಸಿದೆ, ಈ ವರ್ಷ ಅವು 1000 ಬಾರಿ ಉಲ್ಲೇಖಗೊಂಡಿವೆ ಎನ್ನೋಣ. ಸಾವಿರವನ್ನು ಇನ್ನೂರರಿಂದ ಭಾಗಿಸಿದರೆ ಅಂಕಿ 5. ಆ ಸಾವಿರದಲ್ಲಿ 300 ಉಲ್ಲೇಖಗಳು ಹಿಂದಿನ ಸಂಶೋಧನೆಗಳನ್ನು ಒಟ್ಟುಗೂಡಿಸಿ ನೋಡುವ ಒಂದೇ ವಿಮರ್ಶಾ ಲೇಖನಕ್ಕೆ ಬಂದಿದ್ದರೆ? ಅದನ್ನು ಬಿಟ್ಟು ಲೆಕ್ಕ ಹಾಕಿ, 3.5ಕ್ಕೆ ಇಳಿಯುತ್ತದೆ. ಉಳಿದ 199 ಪ್ರಬಂಧಗಳ ಲೇಖಕರು ಬೇರೆಯವರ ಕೀರ್ತಿಯ ಪಾಲುದಾರರು. ಇನ್ನೊಂದು ಚಮತ್ಕಾರವೂ ಉಂಟು: ಸಂಪಾದಕೀಯಕ್ಕೆ, ಓದುಗರ ಪತ್ರಕ್ಕೆ ಬಂದ ಉಲ್ಲೇಖಗಳು ಮೇಲಿನ ಸಂಖ್ಯೆಗೆ ಸೇರುತ್ತವೆ, ಆ ಬರಹಗಳು ಮಾತ್ರ ಕೆಳಗಿನ ಸಂಖ್ಯೆಗೆ ಸೇರುವುದಿಲ್ಲ. ಅಂಕಿ ಏರಿಸುವ ಆಸೆಯಿರುವ ಸಂಪಾದಕನಿಗೆ ಇದಕ್ಕಿಂತ ಸುಲಭದ ದಾರಿ ಬೇಕೆ?

ನಮ್ಮ ಕ್ಷೇತ್ರಕ್ಕೆ ಹೆಚ್ಚು ಪೆಟ್ಟು ಕೊಡುವುದು ಆ ಎರಡು ವರ್ಷದ ಗಡುವು. ಅಲ್‌ಝೈಮರ್‌ನಲ್ಲಿ ಮರೆವು ಕಾಣಿಸಿಕೊಳ್ಳುವ ಒಂದೂವರೆ, ಎರಡು ದಶಕ ಮೊದಲೇ ಮಿದುಳಿನಲ್ಲಿ ಅಮಿಲಾಯ್ಡ್ ಎಂಬ ಪ್ರೋಟೀನ್ ಸೇರತೊಡಗಿರುತ್ತದೆ. ಸ್ನಾಯುಗಳನ್ನು ಆಡಿಸುವ ನರಕೋಶಗಳು ಸಾಯುವ ಎಎಲ್‌ಎಸ್ ರೋಗಕ್ಕೂ ಎಸ್‌ಒಡಿ1 ವಂಶವಾಹಿಯ ದೋಷಕ್ಕೂ ನಂಟಿರುವುದು ಗೊತ್ತಾಗಿದ್ದು 1993ರಲ್ಲಿ. ಅದೇ ದೋಷವನ್ನು ಗುರಿಯಾಗಿಸಿಕೊಂಡ ಟೋಫರ್ಸೆನ್ ಔಷಧಕ್ಕೆ ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದು 2023ರಲ್ಲಿ. ನಡುವಿನ ಮೂವತ್ತು ವರ್ಷ ಆ ಸೂತ್ರದ ಕಣ್ಣಿಗೆ ಬೀಳುವುದೇ ಇಲ್ಲ.

ಉಲ್ಲೇಖ ಹೆಚ್ಚಿದ ಮಾತ್ರಕ್ಕೆ ಸಂಶೋಧನೆ ಗಟ್ಟಿ ಎನ್ನುವಂತೆಯೂ ಇಲ್ಲ. ಅಮಿಲಾಯ್ಡ್‌ನ ಒಂದು ವಿಶೇಷ ರೂಪ ನೆನಪಿನ ಶಕ್ತಿಯನ್ನು ಕುಂದಿಸುತ್ತದೆ ಎಂದು 2006ರಲ್ಲಿ 'ನೇಚರ್' ವಿಜ್ಞಾನ ಪತ್ರಿಕೆಯಲ್ಲಿ ಬಂದ ಪ್ರಬಂಧ ಎರಡು ಸಾವಿರಕ್ಕೂ ಹೆಚ್ಚು ಬಾರಿ ಉಲ್ಲೇಖಗೊಂಡಿತು. ಅದರ ಚಿತ್ರಗಳನ್ನು ತಿದ್ದಿದ ಕುರುಹುಗಳು ಸಿಕ್ಕವು; 2024ರಲ್ಲಿ ಅದನ್ನು ಹಿಂಪಡೆಯಲಾಯಿತು. ಅತ್ತ, ಔಷಧವೊಂದು ಕೆಲಸ ಮಾಡಲಿಲ್ಲ ಎಂದು ಪ್ರಾಮಾಣಿಕವಾಗಿ ತೋರಿಸಿಕೊಟ್ಟ ಪ್ರಯೋಗಕ್ಕೆ ಅಷ್ಟು ಉಲ್ಲೇಖ ಸಿಗುವುದು ಅಪರೂಪ. ಅದೇ ಹಾದಿಯಲ್ಲಿ ಇನ್ನಷ್ಟು ರೋಗಿಗಳನ್ನು ದಣಿಸದಂತೆ ತಡೆಯುವುದು ಅಂಥ ವರದಿಯೇ. ಇವುಗಳನ್ನು ಪ್ರಕಟಿಸಿದರೆ ಅಂಕಿ ಇಳಿಯುತ್ತದೆ ಎಂಬ ಅಳುಕು ಸಂಪಾದಕರ ಸಭೆಗಳಲ್ಲಿ ಸುಳಿದಾಡುತ್ತದೆ. ಆ ಅಳುಕಿಗೆ ನಿಮ್ಮ ಕಾಲಂ ನೀರೆರೆಯುತ್ತಿದೆ.

ಸಂಶೋಧಕರನ್ನು ಪತ್ರಿಕೆಯ ಅಂಕಿಯಿಂದ ಅಳೆಯಬೇಡಿ ಎಂದು ಸಂಶೋಧನೆಯ ಮೌಲ್ಯಮಾಪನ ಕುರಿತ 2013ರ ಸ್ಯಾನ್ ಫ್ರಾನ್ಸಿಸ್ಕೊ ಘೋಷಣೆ ಹೇಳಿ ಬಹಳ ಕಾಲವಾಯಿತು. ಹಾಗೆಂದು ಅಳತೆಯೇ ಬೇಡ ಎನ್ನುತ್ತಿಲ್ಲ; ಹಣ ಸಾರ್ವಜನಿಕರದು, ಲೆಕ್ಕ ಕೇಳುವುದು ನ್ಯಾಯ. ಅರ್ಜಿದಾರರು ತಮ್ಮ ಮೂರು ಪ್ರಬಂಧಗಳನ್ನು ಆರಿಸಿ, ಅವುಗಳಿಂದ ಏನಾಯಿತು ಎಂದು ಬರೆಯಲಿ. ಚಿಕಿತ್ಸಾ ಮಾರ್ಗಸೂಚಿಯಲ್ಲಿ ಅವು ಬಳಕೆಯಾದವೇ? ಬೇರೆ ಪ್ರಯೋಗಾಲಯದಲ್ಲಿ ಅದೇ ಫಲಿತಾಂಶ ಬಂದಿತೇ? ದತ್ತಾಂಶ ಇತರರ ಕೈಗೆ ಸಿಗುತ್ತದೆಯೇ? ಪರಿಶೀಲನಾ ಸಮಿತಿ ಆ ಮೂರನ್ನಾದರೂ ಪೂರ್ತಿ ಓದಲಿ. ಓದುವ ಶ್ರಮ ತಪ್ಪಿಸಿಕೊಳ್ಳಲೆಂದೇ ಅಂಕಿ ಇಷ್ಟು ಪ್ರಿಯವಾಗಿದೆ ಎಂಬುದು ನನ್ನ ಗುಮಾನಿ.

ಮುಂದಿನ ಅನುದಾನದ ಪ್ರಕಟಣೆ ಹೊರಡುವ ಮೊದಲೇ ಅರ್ಜಿಯ ನಮೂನೆ ಬದಲಾಗುವುದೇ ಎಂದು ದಯವಿಟ್ಟು ತಿಳಿಸಿ.

ಗೌರವಪೂರ್ವಕ ವಂದನೆಗಳೊಂದಿಗೆ,
ನರಕ್ಷಯ ರೋಗಗಳ ಪತ್ರಿಕೆಯೊಂದರ ಸಹಸಂಪಾದಕ